ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಿದ್ದರೂ ಮೂಳೆ ಏಕೆ ಟೊಳ್ಳಾಯಿತು?

ಪ್ರಶ್ನೆ: ನಮ್ಮ ತಾಯಿಗೆ 63 ವರ್ಷ. ಎರಡು ತಿಂಗಳ ಹಿಂದೆ ಬಚ್ಚಲುಮನೆಯಲ್ಲಿ ಜಾರಿ, ಕೈಯೂರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಡಾಕ್ಟರು ಡೆಕ್ಸಾ ಸ್ಕ್ಯಾನ್ ಮಾಡಿಸಿ, ಟಿ-ಸ್ಕೋರ್ ಮೈನಸ್ 2.8 ಇದೆ, ಮೂಳೆ ಟೊಳ್ಳಾಗಿದೆ ಅಂದರು. ಅದೇ ದಿನದ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ 9.4, ನಾರ್ಮಲ್ ಎಂದು ಬಂದಿದೆ. ಅಮ್ಮ ಚಿಕ್ಕಂದಿನಿಂದ ಮುದ್ದೆ ಉಂಡವರು, ಹೊಲದಲ್ಲಿ ದುಡಿದವರು. ಆರು ವರ್ಷದಿಂದ ನಮ್ಮ ಜೊತೆ ಪೇಟೆಯಲ್ಲಿದ್ದಾರೆ. ರಕ್ತದಲ್ಲಿ ಸರಿಯಿರುವಾಗ ಮೂಳೆಗೆ ಮಾತ್ರ ಕಡಿಮೆಯಾದದ್ದು ಹೇಗೆ? ಯಾವ ರಿಪೋರ್ಟ್ ನಂಬಬೇಕು? ನನಗೀಗ 38, ಮಗಳಿಗೆ 12. ನಾವೇನು ಎಚ್ಚರ ವಹಿಸಬೇಕು?

— ಓದುಗರು, ಹಾಸನ ಜಿಲ್ಲೆ

ಉತ್ತರ: ಎರಡೂ ರಿಪೋರ್ಟ್ ನಂಬಿ. ರಕ್ತದ ಲೆಕ್ಕವೂ ಸರಿ, ಸ್ಕ್ಯಾನಿನ ಲೆಕ್ಕವೂ ಸರಿ. ಅಷ್ಟೇ ಅಲ್ಲ, ನಿಮ್ಮ ತಾಯಿಯ ರಕ್ತದ ಕ್ಯಾಲ್ಸಿಯಂ ಇಷ್ಟು ವರ್ಷ ಏರುಪೇರಾಗದೆ ನಿಂತಿದ್ದರಲ್ಲಿ ಅವರ ಮೂಳೆಯ ಪಾಲೂ ಇದೆ. ರಕ್ತಕ್ಕೆ ಕೊರತೆಯಾದಾಗಲೆಲ್ಲ ಮೂಳೆಯಿಂದ ತೆಗೆದು ತುಂಬುವುದು ನಮ್ಮ ದೇಹದ ಕ್ರಮ. ಈ ಒಂದು ಸಂಗತಿ ತಿಳಿದರೆ ನಿಮ್ಮ ಮಿಕ್ಕ ಪ್ರಶ್ನೆಗಳಿಗೂ ದಾರಿ ಸಿಗುತ್ತದೆ.

ಬೆಳೆದ ಮನುಷ್ಯನ ಮೈಯಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ 99 ಪಾಲು ಮೂಳೆ ಮತ್ತು ಹಲ್ಲುಗಳಲ್ಲಿದೆ. ಮೈಯೆಲ್ಲ ಹರಿಯುವ ರಕ್ತದಲ್ಲಿರುವುದು 300 ಮಿಲಿಗ್ರಾಂ ಆಸುಪಾಸು, ಒಂದು ಚಿಟಿಕೆ ಅನ್ನಿ. ಲ್ಯಾಬಿನವರು ಅಳೆಯುವುದು ಆ ಚಿಟಿಕೆಯನ್ನು: 100 ಮಿಲಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ಇದ್ದರೆ ನಾರ್ಮಲ್. ಹಳೆ ಮೈಸೂರಿನ ಹಳ್ಳಿಗಳಲ್ಲಿ ರಾಗಿಯನ್ನು ಹಗೇವಿಗೆ ಸುರಿದು ವರ್ಷಗಟ್ಟಲೆ ಇಡುತ್ತಿದ್ದರು. ಅಡುಗೆಮನೆಯ ಡಬ್ಬದಲ್ಲಿ ಹಿಟ್ಟು ತುಂಬಿದೆ ಎಂದ ಮಾತ್ರಕ್ಕೆ ಹಗೇವಿನಲ್ಲಿ ಎಷ್ಟು ಉಳಿದಿದೆ ಎಂದು ಹೇಳಲಾದೀತೇ? ರಕ್ತಪರೀಕ್ಷೆ ಡಬ್ಬ ನೋಡಿ ಹೇಳಿದೆ, ಡೆಕ್ಸಾ ಸ್ಕ್ಯಾನ್ ಹಗೇವಿಗೆ ಇಳಿದು ನೋಡಿ ಬಂದಿದೆ.

ಆ ಚಿಟಿಕೆಗೆ ಏಕಿಷ್ಟು ಬೆಲೆ?

1880ರ ದಶಕದ ಆರಂಭದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಮೈಯಿಂದ ಬೇರ್ಪಡಿಸಿ, ಉಪ್ಪಿನ ದ್ರಾವಣದಲ್ಲಿ ಅದು ಬಡಿಯುವುದನ್ನು ನೋಡುತ್ತಿದ್ದರು. ಹೃದಯ ಗಂಟೆಗಟ್ಟಲೆ ಬಡಿಯಿತು. ಬರೀ ಉಪ್ಪೇ ಇದಕ್ಕೆ ಸಾಕೆಂದು ಅನ್ನಿಸಿತ್ತು. ಆಮೇಲೆ ನೋಡಿದರೆ ಆ ದ್ರಾವಣವನ್ನು ಬಟ್ಟಿಯಿಳಿಸಿದ ನೀರಿನಲ್ಲಿ ಮಾಡಿರಲಿಲ್ಲ, ನಲ್ಲಿಯ ನೀರಿನಲ್ಲಿ ಮಾಡಲಾಗಿತ್ತು. ಶುದ್ಧ ನೀರಿನಲ್ಲಿ ಮಾಡಿದಾಗ ಹೃದಯ ಸೋಲುತ್ತಾ ಬಂದು ನಿಂತೇಬಿಟ್ಟಿತು. ಲಂಡನ್ನಿನ ಗಡಸು ನೀರಿನಲ್ಲಿದ್ದ ಕ್ಯಾಲ್ಸಿಯಮ್ಮೇ ಹೃದಯ ಬಡಿಯುವಂತೆ ಮಾಡುತ್ತಿತ್ತು ಎಂದು ರಿಂಗರ್ 1883ರಲ್ಲಿ ಪ್ರಕಟಿಸಿದರು. ಇಂದಿಗೂ ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ 'ಆರ್‌ಎಲ್' ಬಾಟಲಿಯ ಪೂರ್ತಿ ಹೆಸರು ರಿಂಗರ್ ಲ್ಯಾಕ್ಟೇಟ್. ಅದರಲ್ಲಿ ಈಗಲೂ ಸ್ವಲ್ಪ ಕ್ಯಾಲ್ಸಿಯಂ ಇರುತ್ತದೆ.

ಹೃದಯವಷ್ಟೇ ಅಲ್ಲ. ಮೈಯ ಯಾವ ಸ್ನಾಯು ಸಂಕುಚಿಸಬೇಕಾದರೂ, ಒಂದು ನರ ಇನ್ನೊಂದಕ್ಕೆ ಸಂದೇಶ ದಾಟಿಸಬೇಕಾದರೂ, ಗಾಯದ ರಕ್ತ ಹೆಪ್ಪುಗಟ್ಟಬೇಕಾದರೂ ಕ್ಯಾಲ್ಸಿಯಂ ಬೇಕು. ಅದು ಕಡಿಮೆಯಾದರೆ ಏನಾಗುತ್ತದೆ ಎಂಬುದನ್ನು ಥೈರಾಯ್ಡ್ ಆಪರೇಷನ್ ಆದವರ ವಾರ್ಡುಗಳಲ್ಲಿ ಕಣ್ಣಾರೆ ಕಾಣಬಹುದು. ಕೆಲವರಿಗೆ ಒಂದೆರಡು ದಿನದಲ್ಲಿ ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಜುಮು ಶುರುವಾಗುತ್ತದೆ. ನರ್ಸ್ ಬಿಪಿ ನೋಡಲು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ಎರಡು–ಮೂರು ನಿಮಿಷ ಹಾಗೇ ಬಿಟ್ಟರೆ, ರೋಗಿಯ ಕೈ ತಾನಾಗಿ ಸೆಟೆಯುತ್ತದೆ: ಮಣಿಕಟ್ಟು ಬಾಗಿ, ಹೆಬ್ಬೆರಳು ಅಂಗೈಯೊಳಕ್ಕೆ ಮಡಚಿ, ಉಳಿದ ಬೆರಳುಗಳು ನೀಳವಾಗಿ ಒಟ್ಟುಗೂಡುತ್ತವೆ. ರೋಗಿ ಬಿಡಿಸಲು ಯತ್ನಿಸಿದರೂ ಬಿಡಿಸಿಕೊಳ್ಳದು. ಫ್ರಾನ್ಸಿನ ವೈದ್ಯ ಆರ್ಮಾನ್ ಟ್ರೂಸೋ ಗುರುತಿಸಿದ ಈ ಲಕ್ಷಣಕ್ಕೆ ಅವರದೇ ಹೆಸರಿದೆ. ಕ್ಯಾಲ್ಸಿಯಂ ಇಳಿದಾಗ ನರಗಳು ಕಾರಣವಿಲ್ಲದೆ ಕೆರಳುತ್ತವೆ. ಇನ್ನೂ ಇಳಿದರೆ ಫಿಟ್ಸ್ ಬರಬಹುದು, ಹೃದಯದ ಲಯ ತಪ್ಪಬಹುದು.

ಮೂಳೆಯಲ್ಲಿ ಕ್ಯಾಲ್ಸಿಯಂ ತಗ್ಗಿದರೆ ತೊಂದರೆ ಕಾಣಿಸಿಕೊಳ್ಳಲು ಹತ್ತಿಪ್ಪತ್ತು ವರ್ಷ ಬೇಕು. ರಕ್ತದಲ್ಲಿ ಥಟ್ಟನೆ ಕುಸಿದರೆ ಅದೇ ದಿನ ಜೀವಕ್ಕೆ ಅಪಾಯ. ದೇಹ ಯಾವುದನ್ನು ಮೊದಲು ಕಾಪಾಡಬೇಕೋ ಅದನ್ನೇ ಕಾಪಾಡುತ್ತದೆ.

ಕುತ್ತಿಗೆಯಲ್ಲಿರುವ ನಾಲ್ಕು ಗ್ರಂಥಿಗಳು

ಆ ಥೈರಾಯ್ಡ್ ರೋಗಿಯ ಕೈ ಸೆಟೆದದ್ದೇಕೆ? ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡಂತೆ, ಒಂದೊಂದೂ ತೊಗರಿಬೇಳೆಯಷ್ಟಿರುವ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಆಪರೇಷನ್ ವೇಳೆ ಅವಕ್ಕೆ ಪೆಟ್ಟಾಗಬಹುದು, ರಕ್ತದ ಪೂರೈಕೆ ತಪ್ಪಬಹುದು. ಇವು ಬಹುಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಲಂಡನ್ ಮೃಗಾಲಯದಲ್ಲಿ 1849ರಲ್ಲಿ ಸತ್ತ ಭಾರತದ ಘೇಂಡಾಮೃಗವೊಂದನ್ನು ಸೀಳಿ ನೋಡಿದಾಗ ರಿಚರ್ಡ್ ಓವನ್ ಇಂಥದೊಂದು ಗ್ರಂಥಿಯನ್ನು ಕಂಡು ಬರೆದಿಟ್ಟರು. ಮನುಷ್ಯರಲ್ಲಿ ಇವನ್ನು 1880ರಲ್ಲಿ ವಿವರಿಸಿದವರು ಸ್ವೀಡನ್ನಿನ ಉಪ್ಸಾಲದ ವಿದ್ಯಾರ್ಥಿ ಈವಾರ್ ಸಾಂಡ್‌ಸ್ಟ್ರೋಮ್.

ಈ ಗ್ರಂಥಿಗಳ ಜೀವಕೋಶಗಳ ಮೈಮೇಲೆ ಕ್ಯಾಲ್ಸಿಯಮ್ಮನ್ನು ಅರಿಯುವ ಪ್ರೋಟೀನ್ ಇದೆ. 1993ರಲ್ಲಿ ಬಾಸ್ಟನ್ನಿನ ಎಡ್ವರ್ಡ್ ಬ್ರೌನ್, ಸ್ಟೀವನ್ ಹೆಬರ್ಟ್ ಮತ್ತು ಸಂಗಡಿಗರು ಅದನ್ನು ಪತ್ತೆಹಚ್ಚಿದರು. ರಕ್ತದ ಕ್ಯಾಲ್ಸಿಯಂ ಕೂದಲೆಳೆಯಷ್ಟು ಇಳಿದರೂ ಅದಕ್ಕೆ ಗೊತ್ತಾಗುತ್ತದೆ. ಕೂಡಲೇ ಗ್ರಂಥಿ ಪ್ಯಾರಾಥೈರಾಯ್ಡ್ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಲ್ಯಾಬಿನಲ್ಲಿ ಇದನ್ನು ಪಿಟಿಎಚ್ ಅನ್ನುತ್ತಾರೆ. ಇದು ರಕ್ತದಲ್ಲಿ ನಿಲ್ಲುವುದು ಕೆಲವೇ ನಿಮಿಷ. ಹಾಗಾಗಿ ನಿಮಿಷ ನಿಮಿಷಕ್ಕೂ ಏರಿಳಿಸಿ ಹದ ಕಾಯಲು ಸಾಧ್ಯ.

ಪಿಟಿಎಚ್ ಮೂರು ಕಡೆ ಕೆಲಸ ಮಾಡಿಸುತ್ತದೆ. ಮೊದಲನೆಯದು ಮೂತ್ರಪಿಂಡ. ಅಲ್ಲಿ ದಿನಕ್ಕೆ ಸುಮಾರು 10 ಗ್ರಾಂ ಕ್ಯಾಲ್ಸಿಯಂ ಸೋಸಿ ಹೋಗುತ್ತದೆ, ನೂರಕ್ಕೆ 98 ಪಾಲು ರಕ್ತಕ್ಕೆ ಮರಳುತ್ತದೆ. ಪಿಟಿಎಚ್ ಹೆಚ್ಚಾದಾಗ ಮೂತ್ರದಲ್ಲಿ ಹೋಗುವುದು ಇನ್ನೂ ಕಡಿಮೆ. ಎರಡನೆಯದು ಮೂಳೆ. ಅಲ್ಲಿನ ಖನಿಜವನ್ನು ಕರಗಿಸಿ ರಕ್ತಕ್ಕೆ ಬಿಡಿಸುತ್ತದೆ. ಮೂರನೆಯದು ಕರುಳು. ಇಲ್ಲಿ ಅದು ನೇರವಾಗಿ ಏನೂ ಮಾಡದು, ವಿಟಮಿನ್ ಡಿ ಮೂಲಕ ಮಾಡಿಸುತ್ತದೆ.

ವಿಟಮಿನ್ ಡಿ ಹೆಸರಿಗೆ ವಿಟಮಿನ್, ಕೆಲಸದಲ್ಲಿ ಹಾರ್ಮೋನು. ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಚರ್ಮದಲ್ಲಿ ಹುಟ್ಟುತ್ತದೆ, ಲಿವರಿನಲ್ಲಿ ಒಮ್ಮೆ ರೂಪ ಬದಲಿಸುತ್ತದೆ, ಪಿಟಿಎಚ್ ಹೇಳಿದಾಗ ಮೂತ್ರಪಿಂಡದಲ್ಲಿ ಇನ್ನೊಮ್ಮೆ ಬದಲಾಗಿ ಕೆಲಸಕ್ಕೆ ಸಿದ್ಧವಾಗುತ್ತದೆ. ಆಮೇಲೆ ಕರುಳಿಗೆ ಹೋಗಿ ಊಟದ ಕ್ಯಾಲ್ಸಿಯಂ ಹೀರಲು ನೆರವಾಗುತ್ತದೆ. 1919ರಲ್ಲಿ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್‌ಸ್ಕಿ ಎಂಬ ಮಕ್ಕಳ ವೈದ್ಯರು ರಿಕೆಟ್ಸ್‌ನಿಂದ ಮೂಳೆ ಬಾಗಿದ ಮಕ್ಕಳಿಗೆ ಅತಿನೇರಳೆ ದೀಪದ ಬೆಳಕು ಹಾಯಿಸಿ ಗುಣಪಡಿಸಿದರು. ಒಂದೇ ತೋಳಿಗೆ ಬೆಳಕು ಕೊಟ್ಟರೂ ಎರಡೂ ತೋಳಿನ ಮೂಳೆ ಸುಧಾರಿಸಿದ್ದು ಎಕ್ಸ್‌ರೇಯಲ್ಲಿ ಕಂಡಿತು. ಚರ್ಮದಲ್ಲಿ ಹುಟ್ಟಿದ್ದೇನೋ ರಕ್ತದಲ್ಲಿ ಹರಿದು ಮೈಯೆಲ್ಲ ತಲುಪುತ್ತದೆ ಎಂಬುದಕ್ಕೆ ಅದೇ ಸಾಕ್ಷಿಯಾಯಿತು. ವಿಟಮಿನ್ ಡಿ ಸಾಕಷ್ಟಿದ್ದರೆ ಉಂಡ ಕ್ಯಾಲ್ಸಿಯಮ್ಮಿನಲ್ಲಿ ನೂರಕ್ಕೆ 30–40 ಪಾಲು ಒಳಗೆ ಹೋಗುತ್ತದೆ. ತೀರಾ ಕೊರತೆಯಿದ್ದರೆ 10–15 ಪಾಲು ಮಾತ್ರ.

ಈಗ ಒಂದು ಲೆಕ್ಕ ಹಾಕೋಣ. ಮೂತ್ರ, ಬೆವರು, ಜೀರ್ಣರಸಗಳ ಮೂಲಕ ದಿನವೂ ಸ್ವಲ್ಪ ಕ್ಯಾಲ್ಸಿಯಂ ಮೈಬಿಟ್ಟು ಹೋಗುತ್ತಲೇ ಇರುತ್ತದೆ. ಊಟದಿಂದ ಒಳಬರುವುದು ಅದಕ್ಕಿಂತ 50 ಮಿಲಿಗ್ರಾಂ ಕಡಿಮೆ ಎಂದಿಟ್ಟುಕೊಳ್ಳಿ. ಅಷ್ಟನ್ನು ಮೂಳೆ ಕೊಡುತ್ತದೆ, ರಕ್ತಪರೀಕ್ಷೆ ನಾರ್ಮಲ್ ಬರುತ್ತದೆ. ವರ್ಷಕ್ಕೆ 18 ಗ್ರಾಂ, 20 ವರ್ಷಕ್ಕೆ 365 ಗ್ರಾಂ. ಇದ್ದದ್ದು ಒಂದು ಕಿಲೋ ಎಂಬುದು ನೆನಪಿರಲಿ. ಕೊರತೆ ಕಂಡಾಗ ದೇಹ ಮೂತ್ರದ ನಷ್ಟ ತಗ್ಗಿಸಿ ಕರುಳಿನ ಹೀರಿಕೆ ಹೆಚ್ಚಿಸಿಕೊಳ್ಳುವುದರಿಂದ ನಿಜದಲ್ಲಿ ಇಷ್ಟು ನೇರವಾಗಿ ನಡೆಯದು. ಆದರೆ ದಿನದ ಸಣ್ಣ ಕೊರತೆ ಎಲ್ಲಿಗೆ ಮುಟ್ಟಬಹುದು ಎಂಬುದು ಈ ಲೆಕ್ಕದಿಂದ ಮನದಟ್ಟಾಗುತ್ತದೆ.

ಹಾಗೆಂದು ರಕ್ತದ ಕ್ಯಾಲ್ಸಿಯಂ ಪರೀಕ್ಷೆ ವ್ಯರ್ಥವಲ್ಲ. ಮೂಳೆ ಸವೆದಿದ್ದು ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ, ಪ್ಯಾರಾಥೈರಾಯ್ಡಿನಲ್ಲೇ ಗಡ್ಡೆಯಿರಬಹುದೆಂಬ ಅನುಮಾನ ಬರಬೇಕು. ಚಾರ್ಲ್ಸ್ ಮಾರ್ಟೆಲ್ ಎಂಬ ಅಮೆರಿಕದ ಹಡಗಿನ ಕಪ್ತಾನನ ಕಥೆ ವೈದ್ಯ ವಿದ್ಯಾರ್ಥಿಗಳಿಗೆ ಪರಿಚಿತ. ಬೆನ್ನುಮೂಳೆ ಕುಸಿದು ಅವರ ಎತ್ತರ ಏಳು ಇಂಚು ಇಳಿದಿತ್ತು, ಮೂಳೆಗಳು ಮತ್ತೆ ಮತ್ತೆ ಮುರಿಯುತ್ತಿದ್ದವು. ಕುತ್ತಿಗೆಯಲ್ಲಿ ಎಷ್ಟು ಹುಡುಕಿದರೂ ಗಡ್ಡೆ ಸಿಗಲಿಲ್ಲ. 1932ರಲ್ಲಿ, ಏಳನೆಯ ಆಪರೇಷನ್ನಿನಲ್ಲಿ, ಎದೆಗೂಡಿನೊಳಗೆ ಅದು ಸಿಕ್ಕಿತು. ಅಷ್ಟರಲ್ಲಿ ಅವರ ಮೂತ್ರಪಿಂಡ ಹಾಳಾಗಿತ್ತು. ಕೆಲವೇ ವಾರಗಳಲ್ಲಿ ತೀರಿಕೊಂಡರು. ಇಂದು ಇಂಥ ರೋಗವನ್ನು ಎರಡು ರಕ್ತಪರೀಕ್ಷೆಗಳಿಂದ ಬೇಗ ಗುರುತಿಸಬಹುದು. ನಿಮ್ಮ ತಾಯಿಗೆ 9.4 ಬಂದಿರುವುದು ಆ ಮಟ್ಟಿಗೆ ಒಳ್ಳೆಯ ಸುದ್ದಿ.

ಮೂಳೆಯೊಳಗೆ ನಡೆಯುವುದೇನು?

ಒಣಗಿದ ಮೂಳೆ ನೋಡಿ ಅದು ಕಲ್ಲಿನ ಹಾಗೆ ಜಡ ಅಂದುಕೊಳ್ಳುತ್ತೇವೆ. ಬದುಕಿರುವ ಮೂಳೆಯಲ್ಲಿ ರಕ್ತ ಹರಿಯುತ್ತದೆ, ಕೆಡಹುವ ಕೆಲಸ ಕಟ್ಟುವ ಕೆಲಸ ಎರಡೂ ಸದಾ ನಡೆಯುತ್ತವೆ. ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶಗಳು ಹಳೆಯ ಮೂಳೆಯನ್ನು ಆಮ್ಲ ಸುರಿದು ಕರಗಿಸಿ ಸಣ್ಣ ಗುಳಿ ಮಾಡುತ್ತವೆ. ಅವು ಸರಿದ ಮೇಲೆ ಆಸ್ಟಿಯೋಬ್ಲಾಸ್ಟ್ ಎಂಬ ಜೀವಕೋಶಗಳು ಬಂದು ಆ ಗುಳಿಗೆ ಹೊಸ ಮೂಳೆ ತುಂಬುತ್ತವೆ. ವರ್ಷಕ್ಕೆ ಅಸ್ಥಿಪಂಜರದ ಸುಮಾರು ಹತ್ತನೇ ಒಂದು ಪಾಲು ಹೀಗೆ ಹೊಸದಾಗುತ್ತದೆ. ದಿನನಿತ್ಯದ ಓಡಾಟದಲ್ಲಿ ಮೂಳೆಯಲ್ಲಿ ಏಳುವ ಸಣ್ಣ ಬಿರುಕುಗಳು ರಿಪೇರಿಯಾಗುವುದೂ ಹೀಗೆಯೇ.

ಇಲ್ಲೊಂದು ಸೂಕ್ಷ್ಮವಿದೆ. ಗುಳಿ ತೋಡಲು ಎರಡು–ಮೂರು ವಾರ ಸಾಕು, ತುಂಬಲು ಮೂರು–ನಾಲ್ಕು ತಿಂಗಳು ಬೇಕು. ತೋಡುವ ಕೆಲಸ ಒಮ್ಮೆಲೇ ಹೆಚ್ಚಾದರೆ ತುಂಬುವ ಕೆಲಸ ಹಿಂದೆ ಬೀಳುತ್ತದೆ. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತಾಗ ಆಗುವುದು ಇದೇ. ಈಸ್ಟ್ರೋಜನ್ ಹಾರ್ಮೋನು ಮೂಳೆ ಕರಗಿಸುವ ಜೀವಕೋಶಗಳನ್ನು ಹತೋಟಿಯಲ್ಲಿಡುತ್ತದೆ. ಅದು ಕಡಿಮೆಯಾದೊಡನೆ ಅವುಗಳ ಸಂಖ್ಯೆಯೂ ಆಯುಸ್ಸೂ ಹೆಚ್ಚುತ್ತವೆ. ಮುಟ್ಟು ನಿಂತ ಮೊದಲ ಐದಾರು ವರ್ಷಗಳಲ್ಲಿ ಕೆಲವರ ಮೂಳೆಯ ಸಾಂದ್ರತೆ ನೂರಕ್ಕೆ 20ರವರೆಗೂ ಇಳಿಯುತ್ತದೆ. ಗರ್ಭಕೋಶದ ಆಪರೇಷನ್ನಿನಲ್ಲಿ ಅಂಡಾಶಯಗಳನ್ನೂ ತೆಗೆದಿದ್ದರೆ, 35–40ರ ವಯಸ್ಸಿಗೇ ಈ ಸವೆತ ಶುರುವಾಗುತ್ತದೆ. ಇದನ್ನು ಆಪರೇಷನ್ ಮುಂಚೆ ಪ್ರತಿ ಹೆಣ್ಣುಮಗಳಿಗೂ ತಿಳಿಸಿ ಹೇಳಬೇಕು.

ಮುರಿದದ್ದು ಮಣಿಕಟ್ಟೇ ಏಕೆ? ಉದ್ದ ಮೂಳೆಗಳ ನಡುಭಾಗ ಗಟ್ಟಿ ಕೊಳವೆ. ತುದಿಗಳಲ್ಲಿ, ಬೆನ್ನುಮೂಳೆಯ ಮಣಿಗಳಲ್ಲಿ, ತೊಡೆಮೂಳೆ ಸೊಂಟಕ್ಕೆ ಸೇರುವ ಕಡೆ ಒಳಗೆ ತೆಳ್ಳನೆಯ ಎಳೆಗಳ ಬಲೆಯಿರುತ್ತದೆ. ಈ ಬಲೆಗೆ ಮೇಲ್ಮೈ ಹೆಚ್ಚು, ಕರಗುವುದೂ ಇಲ್ಲೇ ಬೇಗ. ಒಂದು ಎಳೆ ಪೂರ್ತಿ ಕಡಿದುಹೋದರೆ ಮತ್ತೆ ಸೇರಿಸುವುದು ಕಷ್ಟ. ಬೀಳುವಾಗ ಅಂಗೈ ಊರುತ್ತೇವೆ, ಮೈಭಾರವೆಲ್ಲ ಮಣಿಕಟ್ಟಿನ ಬಲೆಯ ಮೇಲೆ ಬೀಳುತ್ತದೆ. ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಮೂಳೆ ಮುರಿದರೆ ಅದು ಬರೀ ಅಪಘಾತವಲ್ಲ, ಮೂಳೆ ದುರ್ಬಲವಾಗಿದೆ ಎಂಬುದರ ಮೊದಲ ಸೂಚನೆ. ನಿಮ್ಮ ಡಾಕ್ಟರು ಕಟ್ಟು ಹಾಕಿ ಕಳಿಸದೆ ಸ್ಕ್ಯಾನ್ ಮಾಡಿಸಿದ್ದು ಬಹಳ ಒಳ್ಳೆಯದಾಯಿತು. ಎಷ್ಟೋ ಮನೆಗಳಲ್ಲಿ ಮಣಿಕಟ್ಟು ಮುರಿದಾಗ ಯಾರೂ ವಿಚಾರಿಸುವುದಿಲ್ಲ, ಸೊಂಟ ಮುರಿದು ಹಾಸಿಗೆ ಹಿಡಿದಾಗ ವಿಷಯ ತಿಳಿಯುತ್ತದೆ.

ಮುದ್ದೆ ಉಂಡದ್ದು ವ್ಯರ್ಥವಾಯಿತೇ?

ಖಂಡಿತ ಇಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಅಕ್ಕಿಯಲ್ಲಿ 10 ಮಿಲಿಗ್ರಾಂ ಸಿಕ್ಕರೆ ಹೆಚ್ಚು. ಮುದ್ದೆಯೂ ಹೊಲದ ದುಡಿತವೂ ಇಲ್ಲದಿದ್ದರೆ ನಿಮ್ಮ ತಾಯಿಯ ಮೂಳೆ ಮುಟ್ಟು ನಿಲ್ಲುವ ಹೊತ್ತಿಗೇ ಇನ್ನೂ ತೆಳುವಾಗಿರುತ್ತಿತ್ತು. ಆದರೆ ಈಸ್ಟ್ರೋಜನ್ ತಗ್ಗಿದ್ದರಿಂದ ಆಗುವ ಸವೆತವನ್ನು ಊಟವೊಂದೇ ತಡೆಯಲಾರದು. ಜೊತೆಗೆ, ಪೇಟೆಗೆ ಬಂದ ಮೇಲೆ ಬಿಸಿಲೂ ಮೈದಣಿವೂ ಕಡಿಮೆಯಾಗಿರಬಹುದು, ಮುದ್ದೆಯ ಜಾಗಕ್ಕೆ ಅನ್ನ ಬಂದಿರಬಹುದು.

ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಪಟ್ಟಿಯ ಪ್ರಕಾರ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ಹಿಟ್ಟಿನ ಮುದ್ದೆಗೆ 350, ಒಂದು ದೊಡ್ಡ ಲೋಟ ಹಾಲಿಗೆ 240, ಒಂದು ಬಟ್ಟಲು ಮೊಸರಿಗೆ 200 ಸಿಕ್ಕಿದರೆ ಸುಮಾರು 800 ಆಯಿತು. ಉಳಿದದ್ದಕ್ಕೆ ನುಗ್ಗೆಸೊಪ್ಪು, ಹುರುಳಿಕಾಳು, ಎಳ್ಳು, ಮುಳ್ಳುಸಮೇತ ಅಗಿದು ತಿನ್ನುವ ಸಣ್ಣ ಮೀನು ಇವೆ. ರಾಗಿಯಲ್ಲಿರುವ ಫೈಟೇಟ್ ಕ್ಯಾಲ್ಸಿಯಮ್ಮನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿದರೆ, ಅಂಬಲಿಯ ಹಾಗೆ ಹುಳಿ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್ ಅದನ್ನು ಬಿಗಿಯಾಗಿ ಹಿಡಿದಿರುವುದರಿಂದ ಮೈಗೆ ಹತ್ತುವುದು ನೂರಕ್ಕೆ ಸುಮಾರು 5 ಪಾಲು ಮಾತ್ರ. ಮೂಳೆಗೆ ಬಲವೆಂದು ಕುಡಿಸುವ ಕಾಲು ಸೂಪಿನಲ್ಲಿ ರುಚಿಯಿದೆ, ಕ್ಯಾಲ್ಸಿಯಂ ಬಹಳ ಕಡಿಮೆ. ಮೂಳೆಯ ಖನಿಜ ಕುದಿಸಿದ ಮಾತ್ರಕ್ಕೆ ಕರಗಿ ಬರುವುದಿಲ್ಲ. ಸುಣ್ಣದ ಆಸೆಗೆ ಎಲೆ–ಅಡಿಕೆಯ ಮೊರೆಹೋಗುವುದಂತೂ ಬೇಡ. ಅಡಿಕೆಯಿಂದ ಬಾಯಿಯ ಕ್ಯಾನ್ಸರ್ ಬರುತ್ತದೆ.

ಉಪ್ಪಿನ ಬಗ್ಗೆಯೂ ಒಂದು ಮಾತು. ಮೂತ್ರದಲ್ಲಿ ಸೋಡಿಯಂ ಹೋಗುವಾಗ ಕ್ಯಾಲ್ಸಿಯಮ್ಮನ್ನೂ ಸೆಳೆದೊಯ್ಯುತ್ತದೆ: ಸುಮಾರು 6 ಗ್ರಾಂ ಉಪ್ಪಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಮಿತಿಯಲ್ಲಿಟ್ಟರೆ ಬಿಪಿಗೂ ಒಳ್ಳೆಯದು, ಮೂಳೆಗೂ ಒಳ್ಳೆಯದು. ಕಿಡ್ನಿಯಲ್ಲಿ ಕಲ್ಲಾಗುತ್ತದೆಂದು ಹೆದರಿ ಹಾಲು–ಮೊಸರು ಬಿಡುವವರಿದ್ದಾರೆ. ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕುವುದರಿಂದ ಸಾಮಾನ್ಯವಾಗಿ ಕಲ್ಲಿನ ಸಂಭವ ತಗ್ಗುತ್ತದೆಯೇ ಹೊರತು ಹೆಚ್ಚುವುದಿಲ್ಲ.

ನಿಮ್ಮ ತಾಯಿಗೆ ಈಗ ಏನು ಬೇಕು?

ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗುವ ರೋಗ) ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗಡಿ ಹಾಕಿದೆ. ಈಗಾಗಲೇ ಒಂದು ಮೂಳೆ ಮುರಿದಿದೆ. ಇಂಥ ಸ್ಥಿತಿಯಲ್ಲಿ ಕ್ಯಾಲ್ಸಿಯಂ ಮಾತ್ರೆಯೊಂದೇ ಸಾಲದು, ಮೂಳೆಯ ಔಷಧಿಯೂ ಸಾಮಾನ್ಯವಾಗಿ ಬೇಕಾಗುತ್ತದೆ. ಅದಕ್ಕೆ ಮುಂಚೆ ವಿಟಮಿನ್ ಡಿ, ಪಿಟಿಎಚ್, ಥೈರಾಯ್ಡ್, ಕಿಡ್ನಿ ಪರೀಕ್ಷೆಗಳಾಗಿವೆಯೇ ಎಂದು ಡಾಕ್ಟರನ್ನು ಕೇಳಿ. ಉಬ್ಬಸಕ್ಕೋ ಕೀಲುನೋವಿಗೋ ಬಹುಕಾಲ ಸ್ಟಿರಾಯ್ಡ್ ತೆಗೆದುಕೊಂಡಿದ್ದರೆ ಅದನ್ನೂ ತಿಳಿಸಿ; ಸ್ಟಿರಾಯ್ಡ್ ಮೂಳೆ ಕಟ್ಟುವ ಕೆಲಸವನ್ನೇ ಕುಗ್ಗಿಸುತ್ತದೆ.

ಬಿಸ್‌ಫಾಸ್ಫೊನೇಟ್ ಗುಂಪಿನ ಔಷಧಿಗಳು ಮೂಳೆ ಕರಗಿಸುವ ಜೀವಕೋಶಗಳನ್ನು ತಡೆಯುತ್ತವೆ. ವಾರಕ್ಕೊಮ್ಮೆಯ ಮಾತ್ರೆ ಕೊಟ್ಟರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಕಾಫಿಗೂ ಮುಂಚೆ, ಒಂದು ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗದೆ ಕೂತಿರಬೇಕು ಅಥವಾ ಓಡಾಡಬೇಕು. ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವುದೂ ಉಂಟು. ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬ್ ಎಂಬ ಔಷಧಿಯನ್ನು ಡಾಕ್ಟರ ಸಲಹೆಯಿಲ್ಲದೆ ನಡುವೆ ಬಿಡಲೇಬಾರದು. ತಡೆದಿಟ್ಟ ಸವೆತ ಒಮ್ಮೆಲೇ ಮರುಕಳಿಸಿ ಬೆನ್ನುಮೂಳೆ ಕುಸಿಯಬಹುದು. ತೀವ್ರ ಸವೆತವಿದ್ದವರಿಗೆ ಟೆರಿಪ್ಯಾರಟೈಡ್ ಕೊಡುತ್ತಾರೆ. ಇದು ಆ ಪಿಟಿಎಚ್ ಹಾರ್ಮೋನಿನದೇ ತುಣುಕು! ದಿನವಿಡೀ ಹೆಚ್ಚಾಗಿದ್ದರೆ ಮೂಳೆ ತಿನ್ನುವ ಅದೇ ಹಾರ್ಮೋನು, ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಏರಿ ಇಳಿದರೆ ಮೂಳೆ ಕಟ್ಟಿಸುತ್ತದೆ.

ಕ್ಯಾಲ್ಸಿಯಂ ಮಾತ್ರೆ ಕೊಂಡಾಗ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ. 'ಕ್ಯಾಲ್ಸಿಯಂ ಕಾರ್ಬೊನೇಟ್ 1,250 ಮಿಲಿಗ್ರಾಂ' ಎಂದಿದ್ದರೆ ಅದರಲ್ಲಿರುವ ಕ್ಯಾಲ್ಸಿಯಂ 500 ಮಿಲಿಗ್ರಾಂ. ಒಂದು ಹೊತ್ತಿಗೆ ಅದಕ್ಕಿಂತ ಹೆಚ್ಚು ಬೇಡ, ಕರುಳು ಹೀರುವುದಿಲ್ಲ. ಕಾರ್ಬೊನೇಟ್ ಮಾತ್ರೆಯನ್ನು ಊಟದ ಜೊತೆ ಕೊಡಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಕಬ್ಬಿಣಾಂಶದ ಮಾತ್ರೆಯನ್ನೂ ಬೇರೆ ಹೊತ್ತಿಗೆ ಕೊಡಿ. ಊಟದಲ್ಲೇ ಸಾಕಷ್ಟು ಸಿಗುತ್ತಿದ್ದರೆ ಕೊರತೆಯಷ್ಟನ್ನು ಮಾತ್ರ ಮಾತ್ರೆಯಿಂದ ತುಂಬಿದರಾಯಿತು.

ವಿಟಮಿನ್ ಡಿ ವಿಷಯದಲ್ಲಿ ಕಳಕಳಿಯಿಂದ ಎಚ್ಚರಿಸುತ್ತೇನೆ. 60,000 ಯೂನಿಟ್ಟಿನ ಸ್ಯಾಶೆ ಅಥವಾ ಕ್ಯಾಪ್ಸೂಲನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟು ವಾರ ಬರೆದುಕೊಡುತ್ತಾರೆ. ಅದನ್ನು ದಿನವೂ ನುಂಗಿದವರು, ಚೀಟಿ ಹಳೆಯದಾದರೂ ಅಂಗಡಿಯಿಂದ ತಂದು ವರ್ಷಗಟ್ಟಲೆ ಮುಂದುವರಿಸಿದವರು ಇದ್ದಾರೆ. ಅತಿಯಾದರೆ ರಕ್ತದ ಕ್ಯಾಲ್ಸಿಯಂ ಏರಿ ಬಾಯಾರಿಕೆ, ವಾಂತಿ, ಮಲಬದ್ಧತೆ, ಮಂಪರು ಬರುತ್ತದೆ, ಕಿಡ್ನಿ ಹಾಳಾಗುತ್ತದೆ. ಬಿಸಿಲಿಗಾದರೆ ಈ ಭಯವಿಲ್ಲ, ಹೆಚ್ಚಾದದ್ದನ್ನು ಚರ್ಮವೇ ಒಡೆದುಹಾಕುತ್ತದೆ. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನ ಬಿಸಿಲಲ್ಲಿ ಮಾತ್ರ ವಿಟಮಿನ್ ಡಿ ಚೆನ್ನಾಗಿ ಹುಟ್ಟುತ್ತದೆ. ಎಳೆಬಿಸಿಲು ಹಿತವಾಗಿದ್ದರೂ ಈ ಕೆಲಸಕ್ಕೆ ಸಾಲದು. ಕಿಟಕಿಯ ಗಾಜಿನ ಹಿಂದೆ ಕೂತರೂ ಪ್ರಯೋಜನವಿಲ್ಲ.

ಮೂಳೆ ಭಾರ ಹೊತ್ತಷ್ಟೂ ಗಟ್ಟಿ. ಜರ್ಮನಿಯ ಯೂಲಿಯಸ್ ವೋಲ್ಫ್ 1892ರಲ್ಲೇ ಇದನ್ನು ನಿಯಮವಾಗಿ ಬರೆದರು. ಟೆನಿಸ್ ಆಟಗಾರರ ಆಡುವ ಕೈಯ ಮೂಳೆ ಇನ್ನೊಂದು ಕೈಯದಕ್ಕಿಂತ ದಪ್ಪ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆಯಷ್ಟು ಕರಗುತ್ತದೆ. ಆದ್ದರಿಂದ ಕೈ ವಾಸಿಯಾದ ಮೇಲೆ 'ಮೂಳೆ ಮೆತ್ತಗಿದೆ, ಕೂತಿರಮ್ಮ' ಅನ್ನಬೇಡಿ. ದಿನವೂ ನಡೆಯಲಿ, ಕುರ್ಚಿಯಿಂದ ಕೈಯೂರದೆ ಏಳುವ ಅಭ್ಯಾಸ ಮಾಡಲಿ, ಫಿಸಿಯೋಥೆರಪಿಸ್ಟರನ್ನು ಕೇಳಿ ತೂಕದ ವ್ಯಾಯಾಮ ಶುರುಮಾಡಲಿ. ಭಾರದ ಬಿಂದಿಗೆಯನ್ನು ಸೊಂಟ ಬಗ್ಗಿಸಿ ಎತ್ತುವುದು ಮಾತ್ರ ಬೇಡ. ಬಚ್ಚಲಿಗೆ ಹಿಡಿಕೆ ಹಾಕಿಸಿ, ಜಾರದ ಮ್ಯಾಟ್ ಹಾಸಿ, ರಾತ್ರಿ ದಾರಿಯಲ್ಲೊಂದು ದೀಪ ಉರಿಯಲಿ, ಕಣ್ಣಿನ ಪೊರೆ ಬಂದಿದೆಯೇ ತೋರಿಸಿ. ಬೀಳದಂತೆ ನೋಡಿಕೊಳ್ಳುವುದು ಔಷಧಿಯಷ್ಟೇ ಮುಖ್ಯ. ವರ್ಷಕ್ಕೊಮ್ಮೆ ಗೋಡೆಗೆ ಒರಗಿಸಿ ಎತ್ತರ ಗುರುತು ಹಾಕಿ. ಹರೆಯದ ಎತ್ತರಕ್ಕಿಂತ ಒಂದೂವರೆ ಇಂಚು ಇಳಿದಿದ್ದರೆ, ನೋವಿಲ್ಲದಿದ್ದರೂ ಬೆನ್ನುಮೂಳೆಯ ಎಕ್ಸ್‌ರೇ ಆಗಬೇಕು.

ನೀವು ಮತ್ತು ನಿಮ್ಮ ಮಗಳು

38ರ ವಯಸ್ಸಿಗೆ ಮೂಳೆ ಬೆಳೆಯುವ ಕಾಲ ಮುಗಿದಿದೆ, ಇರುವುದನ್ನು ಉಳಿಸಿಕೊಳ್ಳುವ ಕಾಲ ಇದು. ತಾಯಿಗೆ ಆಸ್ಟಿಯೋಪೊರೋಸಿಸ್ ಇರುವುದರಿಂದ ನಿಮಗೂ ಸಂಭವ ಹೆಚ್ಚು. ಮುಟ್ಟು ನಿಂತಾಗ ಈ ವಿಷಯವನ್ನು ಡಾಕ್ಟರ ಗಮನಕ್ಕೆ ತನ್ನಿ. ಉಚಿತ ಶಿಬಿರಗಳಲ್ಲಿ ಹಿಮ್ಮಡಿಗೆ ಮಾಡುವ ಅಲ್ಟ್ರಾಸೌಂಡ್ ಬರೀ ಸೂಚನೆ ಕೊಡುತ್ತದೆ. ಚಿಕಿತ್ಸೆ ನಿರ್ಧರಿಸಲು ಡೆಕ್ಸಾ ಸ್ಕ್ಯಾನೇ ಬೇಕು. ಹೆರಿಗೆಗಳಿಂದ ಮೂಳೆ ಹಾಳಾಯಿತೆಂಬ ಕೊರಗು ಬೇಡ. ಮಗು ಹೊಟ್ಟೆಯಲ್ಲಿದ್ದಾಗ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಪಡೆಯುತ್ತದೆ. ಅದಕ್ಕಾಗಿ ತಾಯಿಯ ಕರುಳು ಹೀರಿಕೆಯನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳುತ್ತದೆ. ಹಾಲೂಡಿಸುವಾಗ ತೆಳುವಾಗುವ ಮೂಳೆ, ಹಾಲು ಬಿಡಿಸಿದ ಮೇಲೆ ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ.

ನಿಮ್ಮ ಮೂವರಲ್ಲಿ ಅತಿ ಹೆಚ್ಚು ಲಾಭ ಪಡೆಯಬಹುದಾದವಳು ನಿಮ್ಮ ಮಗಳು. ಹೆಣ್ಣುಮಕ್ಕಳಲ್ಲಿ 12–14ರ ಆಸುಪಾಸು, ಎತ್ತರ ಭರದಿಂದ ಏರುವ ಎರಡು ವರ್ಷಗಳಲ್ಲಿ, ಜೀವಮಾನದ ಮೂಳೆಯ ಕಾಲುಭಾಗದಷ್ಟು ಸೇರಿಕೊಳ್ಳುತ್ತದೆ. ಅಷ್ಟು ಮೂಳೆ ಆಮೇಲೆ ಯಾವ ವಯಸ್ಸಿನಲ್ಲೂ, ಯಾವ ಮಾತ್ರೆಯಿಂದಲೂ ಬರುವುದಿಲ್ಲ. ಈ ವಯಸ್ಸಿಗೆ ದಿನಕ್ಕೆ 850ರಿಂದ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಮೈನೆರೆದ ಹುಡುಗಿಗೆ ಎಳ್ಳಿನ ಚಿಗಳಿ, ಕೊಬ್ಬರಿ, ಬೆಲ್ಲ ಕೊಟ್ಟು ಆರೈಕೆ ಮಾಡುವ ಪದ್ಧತಿ ನಮ್ಮಲ್ಲಿದೆ, ಅದು ಒಳ್ಳೆಯದೇ. ಆದರೆ ಅದೇ ಹೊತ್ತಿಗೆ 'ದೊಡ್ಡವಳಾದೆ, ಇನ್ನು ಕುಣಿದಾಡಬೇಡ' ಎಂದು ಆಟ ಬಿಡಿಸುವ ಪದ್ಧತಿಯೂ ಇದೆ. ಮೂಳೆಗೆ ಓಟ, ನೆಗೆತ, ಬಿಸಿಲು ಎಲ್ಲಕ್ಕಿಂತ ಹೆಚ್ಚು ಬೇಕಾದ ವರ್ಷಗಳಲ್ಲೇ ಹುಡುಗಿಯರನ್ನು ಮನೆಯೊಳಗೆ ಕೂರಿಸುತ್ತೇವೆ. ಅದರ ಬೆಲೆಯನ್ನು ಅವರು ಅಜ್ಜಿಯರಾದಾಗ ತೆರುತ್ತಾರೆ. ಮಗಳು ಖೊಖೊ ಆಡಲಿ, ಹಗ್ಗ ಜಿಗಿಯಲಿ, ಥ್ರೋಬಾಲ್ ತಂಡಕ್ಕೆ ಸೇರಲಿ. ಮುಟ್ಟಾಗಿದೆಯೆಂದು ಯಾರಾದರೂ ಅವಳ ಆಟ ನಿಲ್ಲಿಸಲು ಬಂದರೆ, ಅಮ್ಮನ ಡೆಕ್ಸಾ ರಿಪೋರ್ಟ್ ತೋರಿಸಿ ನೀವೇ ಅಡ್ಡ ನಿಲ್ಲಿ.